ಹುಳಮನೆಯ ಬಾಗಿಲ ಹೊರಗೆ

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ್ದ ಕಾಳು ಹದವಾಗಿ ಊದಿಕೊಂಡಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಾತ್ರೆಗೆ ಜಾರುತ್ತಿತ್ತು. ಈ ಕೆಲಸಕ್ಕೆ ಕೂತರೆ ನನಗೆ ಪ್ರಾರ್ಥನೆ ತಾನಾಗಿ ಬರುತ್ತದೆ. ಕೈಗೆ ಕೆಲಸವಿರುತ್ತದೆ, ಮನಸ್ಸಿಗೆ ಬಿಡುವಿರುತ್ತದೆ. ಅಂದು ಬೆಳಿಗ್ಗೆಯಿಂದ ಕರ್ತನ ಕೃಪೆ ಅಂತ ಲೆಕ್ಕಕ್ಕೆ ಹಿಡಿದದ್ದು ಎರಡು: ಯಜಮಾನರ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ ಎಂದು ಡಾಕ್ಟರು ಹೇಳಿದ್ದು, ಮೈಸೂರಿನಲ್ಲಿರುವ ಬಸುರಿ ಮಗಳು ಫೋನ್ ಮಾಡಿ, ಹೊಟ್ಟೆಯಲ್ಲಿ ಮಗು ಒದೆಯುತ್ತಿದೆ ಎಂದು ನಕ್ಕಿದ್ದು.

ಆಗ ಮತ್ತೆ ಫೋನ್ ಬಡಿದುಕೊಂಡಿತು. ನಮ್ಮ ಸಭೆಯ ಪಾಸ್ಟರ್.

"ಅಮ್ಮಾ, ಕಾಲು ಮುರ್ಕೊಂಡೆ" ಅಂದರು.

"ಅಯ್ಯೋ, ಎಲ್ಲಿ ಬಿದ್ರಿ ಅಯ್ಯನವರೇ?"

"ಸೇವೆಗೆ ಹೋಗೋವಾಗ ಬಿದ್ದಿದ್ರೆ ಸಭೆ ಮುಂದೆ ಸಾಕ್ಷಿ ಹೇಳಬಹುದಿತ್ತು. ನಮ್ಮನೆ ಬಚ್ಚಲಲ್ಲಿ ಬಿದ್ದೆ. ಹೇಳ್ಕೊಳ್ಳೋಕೂ ನಾಚಿಕೆ."

ನಕ್ಕರು. ನೋವು ನುಂಗಿಕೊಂಡು ನಗುವ ನಗು ಗೊತ್ತಾಗುತ್ತದೆ. ಆರು ವಾರ ಕಾಲು ನೆಲಕ್ಕೆ ಊರುವ ಹಾಗಿಲ್ಲವಂತೆ. ಕನಕಪುರದ ನಮ್ಮ ಸಭೆಯನ್ನು ಹಿರಿಯರು ನಡೆಸುತ್ತಾರೆ, ಅದಕ್ಕೆ ಯೋಚನೆಯಿಲ್ಲ. ಯೋಚನೆ ಇದ್ದದ್ದು ಕಬ್ಬಾಳಿನ ಕಡೆಯ ಒಂದು ಹಳ್ಳಿಯದು. ಅಲ್ಲಿ ವಿಶ್ವಾಸಿಗಳ ಮನೆ ಏಳೇ ಏಳು. ಪ್ರತಿ ಭಾನುವಾರ ಮಧ್ಯಾಹ್ನ ಪಾಸ್ಟರ್ ಬೈಕಿನಲ್ಲಿ ಹೋಗಿ ಒಂದು ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸಿ ಬರುತ್ತಿದ್ದರು. ಒಮ್ಮೆ, ಕೆಲವು ವರ್ಷಗಳ ಹಿಂದೆ, ಆ ಕೂಟ ಎರಡು ತಿಂಗಳು ನಿಂತಿತ್ತು. ಮತ್ತೆ ಶುರುಮಾಡಿದಾಗ ಎರಡು ಮನೆಯವರು ಬರಲೇ ಇಲ್ಲ. ಬಾಗಿಲಿಗೆ ಹೋಗಿ ಕರೆದರೆ ಕಾಫಿ ಕೊಟ್ಟರು, ಕೂಟಕ್ಕೆ ಮಾತ್ರ ಬರಲಿಲ್ಲ.

"ನೀವು ಚಿಂತೆ ಬಿಡಿ ಅಯ್ಯನವರೇ. ನಾನು ಹೋಗ್ತೀನಿ" ಅಂದೆ. ಹೇಳುವಾಗ ಒಳಗೆ ಒಂದು ಖುಷಿಯೂ ಇತ್ತು. ಅದನ್ನು ಈಗ ಮುಚ್ಚಿಡುವುದು ಯಾಕೆ.

ಅವರು, "ಬೇಡಮ್ಮ. ನೀವು ಬೆಳೆಸಿದೀರಲ್ಲ, ಆಕೆ ನಡೆಸಲಿ" ಅಂದರು.

ನನ್ನ ಕೈಯಲ್ಲಿದ್ದ ಕಾಳು ಕೆಳಗೆ ಬಿತ್ತು.

ಆಕೆ ಆ ಹಳ್ಳಿಯವಳೇ. ಮೂವತ್ತೈದರ ಆಸುಪಾಸು. ಗಂಡಹೆಂಡಿರು ರೇಷ್ಮೆ ಹುಳ ಸಾಕುತ್ತಾರೆ, ನಾಲ್ಕೈದು ಕುರಿ ಇವೆ. ಓದಿದ್ದು ಏಳನೇ ಕ್ಲಾಸು. ನಮ್ಮ ಸಭೆಯಲ್ಲಿ ಒಂದು ಪದ್ಧತಿ ಉಂಟು. ಕೆಲವು ವರ್ಷ ನಂಬಿಕೆಯಲ್ಲಿ ನಡೆದವರು ಹೊಸಬರೊಬ್ಬರನ್ನು ಜೊತೆಗೆ ಇಟ್ಟುಕೊಳ್ಳಬೇಕು. ತರಗತಿ ಇಲ್ಲ, ಪರೀಕ್ಷೆ ಇಲ್ಲ. ವಾರಕ್ಕೊಮ್ಮೆ ಜೊತೆಗೆ ಕೂತು ವಾಕ್ಯ ಓದಬೇಕು, ಜೊತೆಗೆ ಪ್ರಾರ್ಥನೆ ಮಾಡಬೇಕು, ಮನೆಯ ಕಷ್ಟಸುಖ ಮಾತಾಡಬೇಕು. ಮುಂದೆ ಸಭೆಯನ್ನು ಹೊರುವವರು ಹೀಗೆಯೇ ತಯಾರಾಗಬೇಕು ಎನ್ನುವುದು ಪಾಸ್ಟರ ಲೆಕ್ಕಾಚಾರ. ನಾನು ಹೊಸದಾಗಿ ಮದುವೆಯಾಗಿ ಬಂದಾಗ ನನ್ನನ್ನು ಹಿಂದಿನ ಪಾಸ್ಟರಮ್ಮ ಹೀಗೆ ಇಟ್ಟುಕೊಂಡಿದ್ದರು. ಅವರ ಅಡುಗೆಮನೆಯಲ್ಲಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ನಾನು ಎಷ್ಟೋ ಅತ್ತಿದ್ದೇನೆ. ಆಮೇಲೆ ನನ್ನ ಪಾಲಿಗೆ ಇವಳು ಬಂದಳು.

ಸಂತೆಯ ದಿನ ಊರಿನಿಂದ ಬಂದವಳು ತರಕಾರಿ ಚೀಲವನ್ನು ನಮ್ಮ ಬಾಗಿಲ ಪಕ್ಕ ಇಟ್ಟು ಒಳಗೆ ಬರುತ್ತಿದ್ದಳು. ಮೂರು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ಮೊದಮೊದಲು ಪ್ರಾರ್ಥನೆ ಮಾಡು ಅಂದರೆ, "ನಂಗೆ ಬರಾಕಿಲ್ಲ ಕಣಕ್ಕ, ನೀವೇ ಮಾಡಿ, ನಾನು ಕಣ್ಮುಚ್ಕತೀನಿ" ಅನ್ನುವಳು. ಅದಕ್ಕೆ ನಾನು ಒಂದೊಂದು ಸಾಲು ಹೇಳಿಕೊಡುವುದು, ಅವಳು ನನ್ನ ಹಿಂದೆ ಹೇಳುವುದು ಎಂದು ಮಾಡಿಕೊಂಡೆವು. ಬರಬರುತ್ತಾ ನಾನು ಶುರುಮಾಡಿದರೆ ಅವಳೇ ಮುಗಿಸುವಷ್ಟು ಬಾಯಿಪಾಠವಾಯಿತು. ಒಂದು ಭಾನುವಾರ ಅವಳ ಪ್ರಾರ್ಥನೆ ಕೇಳಿದ ನಮ್ಮ ಸಭೆಯ ಹೆಂಗಸರೊಬ್ಬರು, "ಕಣ್ಣು ಮುಚ್ಚಿಕೊಂಡ್ರೆ ನೀವೇ ಪ್ರಾರ್ಥನೆ ಮಾಡಿದಂಗಿರುತ್ತೆ ಕಣ್ರೀ" ಅಂದಾಗ, ಅವತ್ತಿನ ಕೃಪೆಗಳಲ್ಲಿ ಅದನ್ನೂ ಒಂದು ಎಂದು ಸೇರಿಸಿಕೊಂಡಿದ್ದೆ.

ಪಾಸ್ಟರ್ ಇನ್ನೊಂದು ಮಾತು ಹೇಳಿದರು. ಆ ಊರಲ್ಲಿ ಮೊದಲು ನಂಬಿದವರು ಅವಳ ಗಂಡನ ದೊಡ್ಡಪ್ಪ. ಅವರ ಮಾತಿಗೆ ಏಳೂ ಮನೆಯಲ್ಲಿ ತೂಕವಿದೆ. ಅವರು ಫೋನಿನಲ್ಲಿ, "ಅಯ್ಯನೋರಿಲ್ದೆ ಎಂತಾ ಕೂಟ? ನಿಲ್ಸಿ, ನೀವು ಎದ್ಮ್ಯಾಲೆ ನೋಡಾನ" ಅಂದರಂತೆ. ಎಷ್ಟು ಕೇಳಿಕೊಂಡರೂ ಒಂದೇ ಒಂದು ಭಾನುವಾರಕ್ಕೆ ಒಪ್ಪಿದ್ದಾರೆ. ಅವಳು ನಡೆಸಿದ್ದು ಅವರಿಗೆ ಸರಿ ಕಂಡರೆ ಮುಂದೆ. ಇಲ್ಲದಿದ್ದರೆ ನಿಲ್ಲಿಸುವುದೇ.

"ಬೇಕಾದ್ರೆ ನೀವು ಹೋಗಿ ಕೂತು ಬನ್ನಿ. ಆದ್ರೆ ನೀವು ನಡೆಸಬೇಡಿ" ಎಂದು ಪಾಸ್ಟರ್ ಎರಡು ಸಲ ಹೇಳಿದರು.

ನಾನು ನಡೆಸುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ತಯಾರಿ ಮಾಡಿಸಬೇಡಿ ಎಂದು ಅವರು ಹೇಳಿರಲಿಲ್ಲವಲ್ಲ. ಸಂತೆಯ ದಿನ ಅವಳು ಬಂದಾಗ ಎರಡು ಗಂಟೆ ಕೂರಿಸಿದೆ. ಕರ್ತನು ತನ್ನ ಶಿಷ್ಯರ ಕಾಲು ತೊಳೆದ ಭಾಗವನ್ನು ಆರಿಸಿಕೊಟ್ಟೆ. ಆ ದೇಶದ ದಾರಿಯ ಧೂಳು ಹೇಗಿತ್ತು, ಆಗಿನವರು ಎಂಥ ಚಪ್ಪಲಿ ಮೆಟ್ಟುತ್ತಿದ್ದರು, ಕಾಲು ತೊಳೆಯುವುದು ಯಾರ ಕೆಲಸವಾಗಿತ್ತು, ಎಲ್ಲವನ್ನೂ ಹೇಳಿ ಬರೆಸಿದೆ. ಅವಳು ಶಾಲೆಯ ಹುಡುಗಿಯಂತೆ ನಾಲಿಗೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬರೆದುಕೊಂಡಳು. ಹೊರಡುವಾಗ, "ದೊಡ್ಡಪ್ಪ ಏನಾರ ಕೇಳಿದ್ರೆ ನೀವು ಇರ್ತೀರಲ್ಲಕ್ಕ?" ಅಂದಳು.

"ಪಕ್ಕದಲ್ಲೇ ಇರ್ತೀನಿ" ಅಂದೆ.

ಅಲ್ಲಿಂದ ದಿನಕ್ಕೆ ನಾಲ್ಕು ಫೋನು. "ಅಕ್ಕ, ಹಾಡು ಮೊದ್ಲಾ, ಪ್ರಾರ್ಥ್ನೆ ಮೊದ್ಲಾ?" "ಅಕ್ಕ, ಕಾಪಿ ಮೊದ್ಲೇ ಕೊಟ್ಬುಡ್ಲಾ, ಆಮ್ಯಾಕೆ ಕೊಡ್ಲಾ?" "ಅಕ್ಕ, ನಿಂತ್ಕಂಡು ಮಾತಾಡದಾ, ಕೂತ್ಕಂಡಾ?" ಎಲ್ಲಕ್ಕೂ ಉತ್ತರ ಕೊಟ್ಟೆ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಉಸಿರು ಯಾವಾಗ ಬಿಡಬೇಕು ಅಂತನೂ ಹೇಳ್ಬಿಡು" ಅಂದರು. ಶನಿವಾರ ಮಾತ್ರ ಒಂದೂ ಫೋನು ಬರಲಿಲ್ಲ. ನಾನೇ ಮಾಡಿದರೂ ಎತ್ತಲಿಲ್ಲ. ಹೆದರಿ ಕೂತಿದ್ದಾಳೆ ಅಂದುಕೊಂಡೆ.

ಭಾನುವಾರ ನನಗೆ ಮೂಗು ಕಟ್ಟಿತ್ತು. ಬಸ್ಸಿನ ಗಾಳಿಗೆ ಹೆಚ್ಚಾಗುತ್ತದೆ ಎಂದು ಯಜಮಾನರು ನೀಲಗಿರಿ ಎಣ್ಣೆಯನ್ನು ಹಣೆಗೆ, ಕತ್ತಿಗೆ ತಿಕ್ಕಿ, ಸೆರಗಿನ ತುದಿಗೂ ನಾಲ್ಕು ಹನಿ ಹಾಕಿ ಕಳಿಸಿದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅದನ್ನೂ ಒಂದು ಕೃಪೆ ಎಂದು ಎಣಿಸಿಕೊಂಡೆ. ಇಳಿದ ಮೇಲೆ ನಡೆಯುವ ದಾರಿಯಲ್ಲಿ ಹಿಪ್ಪುನೇರಳೆ ತೋಟಗಳ ಸೊಪ್ಪನ್ನೆಲ್ಲ ಕೊಯ್ದು ಬರೀ ಕಡ್ಡಿ ನಿಂತಿದ್ದವು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ನಾನು ಟೌನಿನಲ್ಲಿ ಬೆಳೆದವಳು.

ಅವಳ ಮನೆಯ ಮುಂದೆ ಚಾಪೆ ಹಾಸಿರಲಿಲ್ಲ. ಮನೆಗೆ ತಾಗಿದಂತೆ ಉದ್ದನೆಯ ಹುಳಮನೆ, ಅಂಗಳದ ತುಂಬ ಒರಗಿಸಿಟ್ಟ ಚಂದ್ರಿಕೆಗಳು. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಅಗಲ ತಟ್ಟೆಗೆ ನಮ್ಮ ಕಡೆ ಚಂದ್ರಿಕೆ ಎನ್ನುತ್ತಾರೆ. ಹುಳಮನೆಯ ಬಾಗಿಲಲ್ಲಿ ಒಂದು ನೀರಿನ ಬಾನಿ. ಊರಿನ ಹೆಂಗಸರು ಒಬ್ಬೊಬ್ಬರೇ ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದರು. ನಾನೂ ಹೋಗಿ ಚಪ್ಪಲಿ ಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಕೈ ಅಡ್ಡ ಮಾಡಿದ.

"ಅಕ್ಕಾ, ಅಲ್ಲೇ ನಿಂತ್ಕಳಿ ಒಸಿ. ಏನೋ ಘಾಟು ಬತ್ತಾ ಐತಲ್ಲ?"

"ನೀಲಗಿರಿ ಎಣ್ಣೆ ಕಣಪ್ಪ. ನೆಗಡಿ ನಂಗೆ."

ಆತನ ಮುಖ ಸಣ್ಣದಾಯಿತು. "ಹುಳ ಹಣ್ಣಾಗ್ಬುಟ್ಟವೆ ಅಕ್ಕ. ಈ ವಾಸ್ನೆಗೆ ಅವು ಗೂಡು ಕಟ್ಟಾಕಿಲ್ಲ. ತೆಪ್ಪು ತಿಳ್ಕಬ್ಯಾಡಿ."

ಹುಳ ಹಣ್ಣಾಗುವುದೆಂದರೆ ಅದು ಸೊಪ್ಪು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಅದೇ ದಿನ, ಅದೇ ಹೊತ್ತು. ಬಿಟ್ಟರೆ ತಿಂಗಳ ದುಡಿಮೆ ಸೊಪ್ಪಿನ ಕಸದಲ್ಲೇ ಹಾಳು. ಸೋಮವಾರಕ್ಕೆ ಆಗಬೇಕಿದ್ದದ್ದು ಬಿಸಿಲಿಗೆ ಒಂದು ದಿನ ಮೊದಲೇ ಆಗಿತ್ತು. ಘಾಟು ವಾಸನೆಯವರನ್ನು, ಒಗ್ಗರಣೆಯ ಕೈಯವರನ್ನು ಹುಳಮನೆಗೆ ಬಿಡುವುದಿಲ್ಲ ಎಂಬುದೂ ನನಗೆ ಅವತ್ತೇ ಗೊತ್ತಾದದ್ದು.

ಅವಳು ಒಳಗಿನಿಂದ ಬಂದಳು. ಕೂದಲಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕಣ್ಣು ಕೆಂಪಗಿತ್ತು. ಕೂಟ ಇವತ್ತು ಇಲ್ಲ ಎನ್ನುತ್ತಾಳೆ ಅಂದುಕೊಂಡು, "ಹಾಗಾದ್ರೆ ಕೂಟ?" ಎಂದು ಮೆಲ್ಲಗೆ ಕೇಳಿದೆ.

"ಇಲ್ಲೇ ಅಕ್ಕ, ಹುಳಮನೇಲಿ. ಇವ್ರು ಬ್ಯಾಡ ಅಂದ್ರು, ನಾನೇ ಆಯ್ತದೆ ಅಂದೆ. ಹುಳಕ್ಕೆ ಭಾನ್ವಾರ ಅಂತ ಗೊತ್ತಾಯ್ತದಾ? ಕೈ ಹುಳ ಎತ್ಲಿ, ಕಿವಿ ವಾಕ್ಯ ಕೇಳ್ಲಿ ಅಂತ ಎಲ್ರಿಗೂ ಯೋಳಿವ್ನಿ. ನೀವು ಆ ಜಗ್ಲಿ ಮ್ಯಾಲೆ ಕೂತ್ಕಳಿ. ಗಾಳಿ ಇತ್ಲಾಗಿಂದ ಬೀಸ್ತದೆ, ಕಿಟಕೀಲಿ ಎಲ್ಲಾ ಕೇಳುಸ್ತದೆ."

ಹೀಗೆಂದು ಒಳಗೆ ಹೋದಳು. ವಾರವೆಲ್ಲ ಕಾಫಿ ಮೊದಲೋ ಆಮೇಲೋ ಎಂದು ಕೇಳಿದವಳು ಇದನ್ನು ನನ್ನ ಕೇಳಿರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಜಗಲಿಯ ಮೇಲೆ ಹೋಗಿ ಕೂತೆ.

ಕಿಟಕಿಗೆ ನೊಣ ಬಾರದ ಹಾಗೆ ಬಲೆ ಹೊಡೆದಿದ್ದರು. ಒಳಗೆ ನೆರಳು ಓಡಾಡುವುದಷ್ಟೇ ಕಾಣುತ್ತಿತ್ತು, ಮಾತು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಕೂಟದವರ ಜೊತೆ ಹುಳ ಎತ್ತಲು ಅಕ್ಕಪಕ್ಕದವರೂ ಬಂದಿದ್ದರು. ಇವರ ಹುಳಕ್ಕೆ ಅವರು, ಅವರ ಹುಳಕ್ಕೆ ಇವರು ಕೈ ಕೊಡುವುದು ಅಲ್ಲಿನ ರೂಢಿ. ಒಬ್ಬಾಕೆ ತಮಾಷೆ ತೆಗೆದಳು: "ಏನಮ್ಮಿ, ನಿಮ್ ಯೇಸಪ್ಪ ಹುಳ ಎತ್ತಕ್ಕೆ ಬರಾಕಿಲ್ವಾ?"

"ನಿನ್ನ ಕಳ್ಸವ್ನಲ್ಲ ಕಣಕ್ಕ, ಸಾಕು" ಎಂದಳು ನಮ್ಮವಳು. ನಗು ಎದ್ದಿತು. ನಾನೂ ಹೊರಗೆ ಒಬ್ಬಳೇ ನಕ್ಕೆ.

ಹಾಡಿದರು. ಒಬ್ಬರು ಮುಂದೆ ಒಬ್ಬರು ಹಿಂದೆ, ಆದರೂ ಹಾಡಿದರು. ಆಮೇಲೆ ಅವಳು ಪ್ರಾರ್ಥನೆ ಶುರುಮಾಡಿದಳು. ದನಿ ನಡುಗುತ್ತಿತ್ತು. ಮಾತು ನನ್ನವೇ, ಒಂದಕ್ಷರ ಆಚೀಚೆ ಇಲ್ಲ. ನಾನು ಜಗಲಿಯ ಮೇಲೆ ಕಣ್ಣುಮುಚ್ಚಿ ತುಟಿಯಲ್ಲೇ ಜೊತೆಗೂಡಿದೆ. ಸ್ತೋತ್ರ ಮುಗಿಯಿತು, ಕ್ಷಮೆ ಬೇಡುವುದು ಮುಗಿಯಿತು. ಆಮೇಲೆ ಅವಳು, "ನಮ್ಮ ಯಜಮಾನರ ಸಕ್ಕರೆ ಕಾಯಿಲೆಯನ್ನು ಮುಟ್ಟು ಕರ್ತನೇ, ಮೈಸೂರಿನಲ್ಲಿರುವ ಮಗಳ ಹೆರಿಗೆಯನ್ನು ಸುಖವಾಗಿ ನಡೆಸು ಕರ್ತನೇ" ಅಂದಳು.

ಒಳಗಿನಿಂದ ಅವಳ ಗಂಡನ ದನಿ: "ನಂಗೆ ಯಾವಾಗ ಬಂತಮ್ಮಿ ಸಕ್ಕರೆ?"

ಇನ್ಯಾರೋ, "ಸಕ್ಕರೆ ಬುಡ್ಲಾ, ಮೈಸೂರಲ್ಲಿ ಮಗಳು ಬೇರೆ ಅವ್ಳಂತೆ, ನಮಗೇ ಯೋಳಿಲ್ವಲ್ಲ" ಅಂದರು. ಹುಳಮನೆಯೆಲ್ಲ ನಗು. ಅವಳಿಗಿರುವುದು ಒಬ್ಬಳೇ ಮಗಳು, ಅಲ್ಲೇ ಊರ ಶಾಲೆಯಲ್ಲಿ ಐದನೇ ಕ್ಲಾಸು.

ನನ್ನ ಕಿವಿ ಬಿಸಿಯಾಯಿತು. ಮೂರು ವರ್ಷ ಅವಳಿಗೆ ನಾನು ಕಲಿಸಿದ್ದು ನನ್ನ ಮನೆಯ ಪ್ರಾರ್ಥನೆ. ಅವಳ ಗಂಡನಿಗೆ ಏನು ನೋವು, ಅವಳ ಮಗಳಿಗೆ ಏನು ಬೇಕು ಎಂದು ಕಣ್ಣುಮುಚ್ಚಿ ಕೂತಾಗ ಒಂದು ದಿನವೂ ಅವಳ ಬಾಯಿಂದ ಹೇಳಿಸಿರಲಿಲ್ಲ. ಕಷ್ಟಸುಖ ಮಾತಾಡುವಾಗ ಕೇಳುತ್ತಿದ್ದೆ. ಪ್ರಾರ್ಥನೆಗೆ ಬಂದರೆ ನನ್ನ ಸಾಲನ್ನೇ ಕೊಡುತ್ತಿದ್ದೆ. ನನ್ನ ಪಾಸ್ಟರಮ್ಮ ಎಂದೂ ಹಾಗೆ ಮಾಡಿರಲಿಲ್ಲ. ನನಗೆ ಮಾತು ಸಿಗುವ ತನಕ ಅವರು ಅಕ್ಕಿಯ ಮೊರವನ್ನು ಆಡಿಸುತ್ತಾ ಸುಮ್ಮನೆ ಕಾಯುತ್ತಿದ್ದರು.

ನಗು ನಿಂತ ಮೇಲೂ ಅವಳ ದನಿ ಬರಲಿಲ್ಲ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಇದು ಮುಗಿಯಿತು, ಕೂಟ ನಿಂತಿತು ಎಂದು ನನಗೆ ಖಾತ್ರಿಯಾಯಿತು. ಎದ್ದೆ. ಪಾಠದ ಮೊದಲ ಮಾತನ್ನಾದರೂ ನೆನಪಿಸೋಣ ಎಂದು ಸೀದಾ ಬಾಗಿಲಿಗೆ ಹೋದೆ. ಬಾನಿಯ ಹತ್ತಿರ ಅವಳ ಗಂಡ ನಿಂತಿದ್ದ. ನನ್ನ ಸೆರಗನ್ನು ನೋಡಿದ, ಅಷ್ಟೇ. ನನ್ನ ಮೂಗಿಗೇ ನೀಲಗಿರಿ ಹೊಡೆಯಿತು. ಒಳಗೆ ಅವರ ತಿಂಗಳ ಅನ್ನ ತಲೆಯೆತ್ತಿ ನಿಂತಿದೆ. ನಾನು ಹಿಂದಕ್ಕೆ ಬಂದು ಕೂತೆ. ಕರ್ತನೇ, ಈಗ ನೀನೇ ಉಂಟು, ನೀನೇ ಒಳಗೆ ಹೋಗು ಅಂದೆ. ಅವತ್ತು ನಾನು ನಿಜವಾಗಿ ಮಾಡಿದ ಪ್ರಾರ್ಥನೆ ಅದೊಂದೇ.

ಆಗ ಅವಳು ಮಾತಾಡಿದಳು. ನಡುಕವಿರಲಿಲ್ಲ, ಕುರಿ ಕರೆಯುವಾಗಿನ ದನಿ.

"ನಗ್ಬುಡಿ, ನಕ್ಬುಟ್ಟು ಕೇಳಿ. ಅಕ್ಕ ಚೆನ್ನಾಗಿ ಯೋಳ್ಕೊಟ್ಟಿದ್ರು, ನಂಗೆ ಮರ್ತೋಯ್ತು. ಆ ದೇಸದ ಧೂಳು ನಾನು ನೋಡಿಲ್ಲ ದೊಡ್ಡಪ್ಪ. ನಾನು ನೋಡಿರದು ಈ ಬಾಗ್ಲು. ಬೆಳಗಿಂದ ಈ ಬಾಗ್ಲಲ್ಲಿ ನಿಮ್ಗೆಲ್ಲ ಕಾಲಿಗೆ ನೀರು ಹುಯ್ದಿವ್ನಿ. ಯಾಕೆ? ನಿಮ್ ಮ್ಯಾಗಿನ ಪಿರೂತಿಗಾ? ಹುಳ ಸತ್ತೋದಾವು ಅಂತ. ಹುಯ್ಯೋವಾಗ ಮಕ ಗಂಟಾಕ್ಕಂಡಿದ್ದೆ, ಬ್ಯಾಗ ತೊಳ್ಕಂಡು ಒಳೀಕೆ ನಡೀರಿ ಅಂತ."

"ಹೂಂ, ನಂಗಂತೂ ಚೆಂಬಲ್ಲೇ ಹೊಡ್ಯಂಗೆ ಹುಯ್ದೆ" ಎಂದಳು ಆ ತಮಾಷೆಯ ಹೆಂಗಸು.

"ಅದೇ ನಾನೂ ಯೋಳದು. ಯೇಸಪ್ಪನೂ ಶಿಷ್ಯರ ಕಾಲು ತೊಳ್ದ. ಅವ್ನಿಗೇನು ಕಾಯಕ್ಕೆ ಹುಳ ಇತ್ತಾ? ಅವ್ನಿಗೆ ಆ ಕಾಲೇ ಬೇಕಾಗಿತ್ತು. ಇನ್ನೊಸಿ ಹೊತ್ಗೆ ನನ್ನ ಹಿಡ್ಯಕ್ಕೆ ಬಂದ್ರೆ ಬುಟ್ಟು ಓಡೋಗೋ ಕಾಲು ಅಂತ ಗೊತ್ತಿದ್ರೂ ತೊಳ್ದ. ಗೊತ್ತಿದ್ದೂ ಮಕ ಗಂಟಾಕ್ಕಳ್ಲಿಲ್ಲ ಅನ್ಸುತ್ತೆ ನಂಗೆ. ನನ್ ಕೈಲಿ ಅಂಗಾಗಾಕಿಲ್ಲ. ಅಂಗಾಗ್ಲಿ ಅಂತ ಕೇಳ್ಕಬೇಕು. ಈಟೇ ನಂಗೆ ಗೊತ್ತಿರದು."

ಅವಳು ಮತ್ತೆ ಪ್ರಾರ್ಥನೆಗೆ ತೊಡಗಿದಳು. ಕೈ ಕೆಲಸ ಬಿಡಬೇಡಿ, ಕಣ್ಣು ತೆರೆದೇ ಇರಿ ಎಂದಳು. ದೊಡ್ಡಪ್ಪನ ಕಣ್ಣಿನ ಪೊರೆಯನ್ನು ಹೇಳಿದಳು, ಮೂರು ದಿನದಿಂದ ಮೇವು ಮುಟ್ಟದ ಪಕ್ಕದ ಮನೆಯ ಹಸುವನ್ನು ಹೇಳಿದಳು, ಪಾಸ್ಟರ ಕಾಲು, ಗಂಡನ ಸೊಂಟದ ನೋವು, ಮಗಳಿಗೆ ತಲೆಗೆ ಹೋಗದ ಲೆಕ್ಕದ ಪಾಠ. ಮೂರು ವರ್ಷದಲ್ಲಿ ಆ ಸೊಂಟನೋವನ್ನು ನಾನು ಕೇಳಿದ್ದು ಅವತ್ತೇ ಮೊದಲು. ಕೊನೆಗೆ, "ಹೊರಗೆ ಕೂತವ್ರಲ್ಲ ನಮ್ಮಕ್ಕ, ಅವ್ರ ನೆಗಡಿನೂ ಒಸಿ ನೋಡಪ್ಪ" ಎಂದಳು. ನಾನು ಆ ವಾಸನೆಯ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ. ಇನ್ನಷ್ಟು ಉರಿಯಿತು.

ದೊಡ್ಡಪ್ಪ ಹೊರಗೆ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನಾನಿರುವುದು ಕಂಡಿತೋ ಇಲ್ಲವೋ, ಬಾಗಿಲ ಕಡೆ ತಿರುಗಿ ಕೇಳಿದರು.

"ಮುಂದ್ಲ ವಾರ ಎಷ್ಟೊತ್ಗಮ್ಮಿ?"

"ಇದೇ ಹೊತ್ಗೆ ದೊಡ್ಡಪ್ಪ."

"ಹುಳ ಇರಾಕಿಲ್ವಲ್ಲ ಆಗ."

"ಗೂಡು ಬುಡ್ಸ ಕೆಲ್ಸ ಇರ್ತದೆ."

"ಅಂಗಾರೆ ಸರಿ. ಬತ್ತೀನಿ" ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಅವಳು ನನಗೆ ಕಾಫಿ ತಂದುಕೊಟ್ಟಳು. ಹತ್ತಿರ ಬರದೆ, ಲೋಟವನ್ನು ಜಗಲಿಯ ಆ ತುದಿಗಿಟ್ಟು ಎರಡು ಮಾರು ಹಿಂದೆ ನಿಂತಳು, ಮತ್ತೆ ಒಳಗೆ ಹೋಗಬೇಕಲ್ಲ. ಹೇಗಿತ್ತು ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ, ಕೇಳಲಿಲ್ಲ. "ಬಸ್ಸಿಗೆ ಹೊತ್ತಾಯ್ತದೆ ಅಕ್ಕ, ಹುಷಾರಾಗೋಗಿ. ಇನ್ನೂ ಅರ್ಧಕ್ಕರ್ಧ ಹುಳ ಎತ್ತಬೇಕು" ಎಂದಳು. ಅವಳನ್ನು ಒಮ್ಮೆ ತಬ್ಬಿಕೊಳ್ಳಬೇಕು ಅನಿಸಿತ್ತು. ಕಾಫಿ ಕುಡಿದು, ಲೋಟ ಅಲ್ಲೇ ಇಟ್ಟು ಹೊರಟೆ.

ಬಸ್ಸಿನಲ್ಲಿ ನಿಂತೇ ಬಂದೆ. ಮನೆಗೆ ಬಂದಾಗ ಸಂಜೆಯಾಗಿತ್ತು. ಯಜಮಾನರು ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತು?" ಅಂದರು. "ನಿಮ್ಮ ನೀಲಗಿರಿ ಎಣ್ಣೆ ನನ್ನ ಹೊರಗೆ ಕೂರಿಸ್ತು" ಅಂದೆ. ಅವರು ಬೇಸರ ಮಾಡಿಕೊಂಡರು. "ಒಳ್ಳೇದೇ ಆಯ್ತು" ಎಂದು ಎಲ್ಲವನ್ನೂ ಹೇಳಿದೆ. ಸಕ್ಕರೆ ಕಾಯಿಲೆಯ ಭಾಗಕ್ಕೆ ಬಂದಾಗ ಅವರು ಕೆಮ್ಮು ಬರುವ ತನಕ ನಕ್ಕರು. ಆಮೇಲೆ, "ಪಾಪ, ಮೂರು ವರ್ಷದಿಂದ ನನಗೋಸ್ಕರ ಪ್ರಾರ್ಥನೆ ಮಾಡಿದಾಳಲ್ಲ ಆ ತಾಯಿ" ಎಂದರು. ಅದು ನನಗೆ ಹೊಳೆದಿರಲಿಲ್ಲ. ಇಳಿದ ಆ ಸಕ್ಕರೆಯಲ್ಲಿ ಅವಳ ಪಾಲು ಎಷ್ಟೋ, ಕರ್ತನಿಗೆ ಗೊತ್ತು.

ಅಷ್ಟರಲ್ಲಿ ಪಾಸ್ಟರ ಫೋನು. "ಹೇಗಾಯ್ತಮ್ಮ? ದೊಡ್ಡಪ್ಪ ಏನಂದ್ರು?"

ಹೇಳಲು ಬಾಯಿ ತೆರೆದೆ. ಒಂದೊಂದು ಮಾತೂ ನಾಲಿಗೆಯ ತುದಿಯಲ್ಲಿತ್ತು. ಅವಳ ಕೂಟದ ವಿಷಯವನ್ನು ನಾನೇಕೆ ಒಪ್ಪಿಸಬೇಕು ಎಂದು ತಡೆದುಕೊಂಡೆ.

"ಅವಳಿಗೇ ಫೋನ್ ಮಾಡಿ ಕೇಳಿ ಅಯ್ಯನವರೇ" ಅಂದೆ. "ಆದ್ರೆ ಈಗ ಬೇಡ, ಕೈತುಂಬ ಹುಳ ಇರುತ್ತೆ. ನಾಳೆ ಮಾಡಿ."

ಸೀರೆ ಬದಲಾಯಿಸಿ, ಅದನ್ನು ಸೋಪಿನ ನೀರಲ್ಲಿ ನೆನೆಹಾಕಿದೆ. ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟು, ನೀರು ಕುದಿಯುವ ತನಕ ರಾಗಿಹಿಟ್ಟನ್ನು ಜರಡಿ ಹಿಡಿಯಲು ಕೂತೆ.